ಹಡಗಲಿಯ ಸೋಬಾನೆ ಮಡಗಾಂವ್ ಮೈದಾನಕ್ಕೆ ಹೋದದ್ದು

ವಾಸ್ಕೊಗೆ ಬಂದ ಮೊದಲ ಭಾನುವಾರ ನಮ್ಮ ಮನೆ ಮಾಲಕಿ ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ಒಂದು ಫುಟ್‌ಬಾಲ್ ಬಯಲಿನ ಅಂಚಿಗೆ ನಿಲ್ಲಿಸಿದರು. ಅರವತ್ತು ದಾಟಿದ ಹೆಂಗಸು. ಹೂವಿನ ಚಿತ್ತಾರದ ಫ್ರಾಕು, ಕೈಯಲ್ಲಿ ಮಡಚಿದ ಕಪ್ಪು ಕೊಡೆ. ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದ ಅದೇ ಫ್ರಾಕಿನಲ್ಲಿ, ಪ್ರಾರ್ಥನೆ ಹೇಳಿ ಬಂದ ಅದೇ ಬಾಯಲ್ಲಿ, ಅವರು ಸೀಟಿ ಹಿಡಿದಿದ್ದ ರೆಫ್ರಿಯನ್ನು ಬೈಯತೊಡಗಿದರು. ಕೊಂಕಣಿಯ ಒಂದಕ್ಷರವೂ ಬಾರದ ನನಗೆ ಕೂಡ ಅದು ಎಂಥ ಬೈಗುಳವೆಂದು ತಿಳಿಯಿತು. ಸುತ್ತ ನೋಡಿದರೆ ಅವರೊಬ್ಬರೇ ಅಲ್ಲ. ಕೂಸು ಕಂಕುಳಲ್ಲಿದ್ದವರು, ಕೋಲೂರಿ ಬಂದವರು, ಎಲ್ಲ ಹೆಂಗಸರೂ ಗಂಡಸರ ಸಮಕ್ಕೆ ನಿಂತು ಕೂಗುತ್ತಿದ್ದರು. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಯಾರಾದರೂ ಊರಿನವರು ನೋಡಿಬಿಟ್ಟಾರು ಅನ್ನಿಸಿತು.

ನನ್ನ ಊರು ಹೂವಿನಹಡಗಲಿ. ನಮ್ಮಪ್ಪನದು ಮಲ್ಲಿಗೆ ತೋಟ. ಕೊಟ್ಟೂರಿನ ಕೊಟ್ರೇಶಿಯನ್ನು ಮದುವೆಯಾಗಿ, ಅವರಿಗೆ ವಾಸ್ಕೊದಲ್ಲಿ ಅದಿರು ಸಾಗಿಸುವ ದೋಣಿಗಳನ್ನು ರಿಪೇರಿ ಮಾಡುವ ಕಡೆ ವೆಲ್ಡಿಂಗ್ ಕೆಲಸ ಸಿಕ್ಕಿದ್ದರಿಂದ, ತೊಂಬತ್ತರ ದಶಕದ ನಡುವೆ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ಘಟ್ಟ ಇಳಿದವಳು. ನಮ್ಮ ಕಡೆ ಹೈಸ್ಕೂಲಿನ ಬಯಲಿನಲ್ಲಿ ಗಂಡುಹುಡುಗರು ಆಡುವಾಗ ಹೆಣ್ಣುಮಕ್ಕಳು ನಾವು ಆ ದಾರಿಯನ್ನೇ ಬಿಟ್ಟು ಸುತ್ತಿಕೊಂಡು ಹೋಗುತ್ತೇವೆ. ಇಲ್ಲಿ ಅಜ್ಜಿಯರೇ ಮುಂದಿನ ಸಾಲು.

ಮನೆ ಸಿಗುವುದೇ ಕಷ್ಟವಾಗಿತ್ತು. ಮಾತಾಡಿದ ಕೂಡಲೇ ಎಲ್ಲಿಯವರು ಎಂದು ಕೇಳುತ್ತಿದ್ದರು. ಹೇಳಿದ ಕೂಡಲೇ ಮನೆ ಖಾಲಿ ಇಲ್ಲವೆನ್ನುತ್ತಿದ್ದರು. ಘಟ್ಟದ ಮೇಲಿನಿಂದ ಬಂದವರನ್ನು ಇಲ್ಲಿ ಘಾಂಟಿ ಎನ್ನುತ್ತಾರೆ. ಪದದಲ್ಲಿ ತಪ್ಪೇನಿಲ್ಲ, ಆದರೆ ಅದನ್ನು ಉಗುಳಿದ ಹಾಗೆ ಹೇಳುತ್ತಾರೆ. ಫಿಲೋಮಿನಾ ಬಾಯಿ ಮಾತ್ರ ಹಾಗೆ ಕೇಳಲಿಲ್ಲ. ಹೊಲಿಗೆ ಯಂತ್ರವನ್ನು ನೋಡಿ, ಮಧ್ಯಾಹ್ನ ಊಟವಾದ ಮೇಲೆ ಅದನ್ನು ಓಡಿಸಬಾರದು, ನನಗೆ ನಿದ್ದೆ ಬೇಕು ಎಂದಷ್ಟೇ ಹೇಳಿ ಹಿತ್ತಲಿನ ಕೋಣೆಯ ಬೀಗದಕೈ ಕೊಟ್ಟರು. ವಾಡೆಯವರೆಲ್ಲ ಅವರನ್ನು ಫಿಲು ಮಾಂಯ್ ಎನ್ನುತ್ತಿದ್ದರು. ವಾಡೆ ಎಂದರೆ ನಮ್ಮ ಓಣಿಯ ಹಾಗೆ. ಮಾಂಯ್ ಎಂದರೆ ಅವ್ವ.

ನಮ್ಮಲ್ಲಿ ಬೆಳಗಾಗುತ್ತಲೇ ಕಟ್ಟೆಯ ಮೇಲೆ ಮೊಗ್ಗಿನ ರಾಶಿ ಸುರಿದುಕೊಂಡು ಹೆಂಗಸರು ಹೂ ಕಟ್ಟುತ್ತಾರೆ. ಕೈ ಕಟ್ಟುತ್ತಿದ್ದರೆ ಬಾಯಿ ಊರಿನ ಸುದ್ದಿಯನ್ನೆಲ್ಲ ಕಟ್ಟುತ್ತಿರುತ್ತದೆ. ವಾಸ್ಕೊದಲ್ಲಿ ಬೆಳಗಾಗುವುದು ಸೈಕಲ್ಲಿನ ಹಾರನ್ನಿನಿಂದ. ಪೊದೇರ್, ಅಂದರೆ ರೊಟ್ಟಿಯವನು, ಬಿಸಿ ಪಾವು ಮಾರಿಕೊಂಡು ಹೋದ ಮೇಲೆ ಸಂಜೆಯವರೆಗೆ ನನ್ನ ಹತ್ತಿರ ಮಾತಾಡುವವರಿಲ್ಲ. ಜೋಳದ ರೊಟ್ಟಿ ತಿಂದ ಹೊಟ್ಟೆಗೆ ಪಾವು ಗಾಳಿ ತಿಂದ ಹಾಗೆ. ಒಣಮೀನಿನ ವಾಸನೆಗೆ ಮೊದಲ ತಿಂಗಳು ಕಿಟಕಿ ತೆಗೆಯಲಿಲ್ಲ. ಮಳೆಯಂತೂ ಹಿಡಿದರೆ ಬಿಡದು. ನಮ್ಮ ಕಡೆ ಮಳೆ ಬಂದರೆ ಹೊರಗೆ ಬಂದು ನಿಂತು ನೋಡುತ್ತೇವೆ. ಇಲ್ಲಿ ಅದನ್ನು ನೋಡಿ ನೋಡಿ ಅಳು ಬರುತ್ತಿತ್ತು. ನನ್ನನ್ನು ಕೋಣೆಯಿಂದ ಹೊರಗೆ ತಂದದ್ದು ಆ ಭಾನುವಾರದ ಆಟ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮ್ಮ ವಾಡೆಯ ಹಸಿರಂಗಿ ತಂಡದ ಹನ್ನೊಂದು ಜನರನ್ನೂ ಹೆಸರು ಹಿಡಿದು ಕೂಗುವವಳಾದೆ. ಕೊಂಕಣಿಯನ್ನು ನಾನು ಕಲಿತದ್ದೇ ಅಲ್ಲಿ. ಹಾಗಾಗಿ ಬೈಗುಳ ಮೊದಲು ಬಂತು, ಕ್ಷೇಮಸಮಾಚಾರ ಆಮೇಲೆ.

ಮರುವರ್ಷ ನಮ್ಮ ತಂಡ ಮೇಲಿನ ಡಿವಿಜನ್ನಿಗೆ ಏರಿತು. ಮೊದಲ ಪಂದ್ಯ ಮಡಗಾಂವದ ದೊಡ್ಡ ಮೈದಾನದಲ್ಲಿ. ಎದುರಿನ ತಂಡದವರಿಗೆ ತುತ್ತೂರಿಯವರಿದ್ದರು, ತಮ್ಮದೇ ಹಾಡಿತ್ತು. ನಾವು ಸಿನಿಮಾ ಧಾಟಿಗೆ ಆಟಗಾರರ ಹೆಸರು ಸೇರಿಸಿ ಹಾಡುತ್ತಿದ್ದೆವು. ಹಿಂದೊಮ್ಮೆ ಸ್ನೇಹಪಂದ್ಯಕ್ಕೆ ಬಂದಾಗ ಅವರು, ನಿಮ್ಮ ಹಾಡೂ ಎರವಲು, ಗೋಲೂ ಎರವಲು ಎಂದು ನಕ್ಕಿದ್ದರು. ಅದು ವಾಡೆಗೆ ಮುಳ್ಳಿನ ಹಾಗೆ ನೆಟ್ಟಿತ್ತು. ಈ ಸಲ ನಮ್ಮದೇ ಹಾಡು ಬೇಕೆಂದು ಎಲ್ಲರೂ ಹಟ ಹಿಡಿದರು.

ಫಿಲು ಮಾಂಯ್ ಮನೆಯ ಬಲ್ಕಾಂವಿನಲ್ಲಿ, ಅಂದರೆ ಬಾಗಿಲ ಮುಂದಿನ ಕಲ್ಲುಕಟ್ಟೆಯಲ್ಲಿ, ಸಂಜೆ ಸಂಜೆ ಜನ ಸೇರತೊಡಗಿದರು. ಮುಂದಾಳು ಅವರ ತಂಗಿಯ ಮಗ ಆಗ್ನೆಲ್. ಇಗರ್ಜಿಯಲ್ಲಿ ಪಿಟೀಲು ನುಡಿಸುವವನು. ಇನ್ನೊಬ್ಬರು ಕೈತಾನ್. ಒಂದು ಕಾಲಕ್ಕೆ ಇದೇ ತಂಡದ ಗೋಲಿ, ಅಂದರೆ ಗೋಲು ಕಾಯುವವರು, ಆಮೇಲೆ ಬಹಳ ವರ್ಷ ಕುವೈತಿನಲ್ಲಿದ್ದು ಬಂದವರು. ಅವರ ಗಂಟಲು ಎಷ್ಟು ದೊಡ್ಡದೆಂದರೆ, ಅವರು ಕೆಮ್ಮಿದರೆ ನನ್ನ ಯಂತ್ರದ ಸೂಜಿ ತಪ್ಪುತ್ತಿತ್ತು. ನಾನು ಹಿತ್ತಲಿನಲ್ಲಿ ಹಸಿರು ಬಾವುಟ ಹೊಲಿಯುತ್ತ ಎಲ್ಲವನ್ನೂ ಕೇಳುತ್ತಿದ್ದೆ. ಪದ ಬೇಗ ಸಿಕ್ಕವು. 'ಕೋಣ್ ಆಯ್ಲೆ? ಆಮಿ ಆಯ್ಲೆ.' ಯಾರು ಬಂದರು? ನಾವು ಬಂದೆವು. 'ದರ್ಯಾ ಥಾವ್ನ್, ದೊಂಗ್ರಾ ಥಾವ್ನ್.' ಕಡಲಿನಿಂದ, ಗುಡ್ಡದಿಂದ. ಧಾಟಿ ಮಾತ್ರ ಒಲಿಯಲಿಲ್ಲ. ಒಂದು ದಿನ ಅದು ಪ್ರಾರ್ಥನೆಯ ಹಾಗಾಗುತ್ತಿತ್ತು, ಇನ್ನೊಂದು ದಿನ ಸಿನಿಮಾದ ಹಾಗೆ. ಎರಡು ಸಲ ಹಾಡುವಷ್ಟರಲ್ಲಿ ಎಲ್ಲರಿಗೂ ದಮ್ಮು ಕಟ್ಟುತ್ತಿತ್ತು.

ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಫಿಲು ಮಾಂಯ್ ಇದನ್ನೇ ಹೇಳಿಕೊಂಡು ಗೊಣಗಿದರು. ಒಂದೂವರೆ ತಾಸು ಹಾಡಲು ಯಾರ ಗಂಟಲಿಗೆ ಆಗುತ್ತದೆ ಎಂದರು. ನಮ್ಮಲ್ಲಿ ಮದುವೆಗೆ ಅರಿಸಿನ ಕುಟ್ಟುವಾಗ ಹೆಂಗಸರು ಅರ್ಧ ದಿನ ಹಾಡುತ್ತಾರೆ, ಯಾರೂ ದಣಿಯುವುದಿಲ್ಲ ಎಂದೆ. ಹೇಗೆ ಎಂದು ಕೇಳಿದರು. ಎರಡು ಸಾಲು ಮಾಡಿಕೊಂಡು ಕೂರುತ್ತೇವೆ, ಒಂದು ಸಾಲು ಹಾಡಿದ್ದನ್ನು ಇನ್ನೊಂದು ಸಾಲು ಎತ್ತಿಕೊಳ್ಳುತ್ತದೆ, ಅಷ್ಟರಲ್ಲಿ ಮೊದಲಿನವರು ಉಸಿರು ತೆಗೆದುಕೊಂಡಿರುತ್ತಾರೆ ಎಂದು ನನ್ನ ಹರಕು ಕೊಂಕಣಿಯಲ್ಲಿ ತಿಳಿಸಿದೆ. ಅವರು ಕೈ ಒರೆಸಿಕೊಂಡು ಎದ್ದವರೇ ನನ್ನನ್ನು ಬಲ್ಕಾಂವಿಗೆ ಕರೆದೊಯ್ದು, ಹಾಡು ಎಂದರು.

ಅಷ್ಟು ಜನ ಪರಗಂಡಸರ ಎದುರು ಸೋಬಾನೆ ಹಾಡುವುದೆಂದರೆ ನನಗೆ ನಾಚಿಕೆಯಾಯಿತು. ಕಣ್ಣು ಮುಚ್ಚಿಕೊಂಡು, ಹಡಗಲಿಯ ಹುಲಿಗೆವ್ವ ಎತ್ತಿಕೊಡುತ್ತಿದ್ದ ಹಾಡನ್ನು ನೆನೆದು ಹಾಡಿದೆ. 'ಹೊಸ್ತಿಲ ದಾಟ್ಯಾಳ, ಹೊಳಿಯ ದಾಟ್ಯಾಳ, ಹಿಂದಕ ನೋಡ್ಯಾಳ ನಮ್ಮ ಮಗಳ.' ಫಿಲು ಮಾಂಯ್ ಅರ್ಥ ತಿಳಿಯದೆಯೇ ನಾನು ಬಿಟ್ಟಲ್ಲಿಂದ ಎತ್ತಿಕೊಂಡರು. ಆಗ್ನೆಲ್ ಪಿಟೀಲು ತೆಗೆದ. ನಮ್ಮ ಧಾಟಿಯ ಕೊನೆಯಲ್ಲಿ ಒಂದು ಎಳೆತವಿದೆ, ಅದನ್ನು ಅವನು ಕತ್ತರಿಸಿದ. ಘುಮಟ್ ಎಂಬ, ಮಣ್ಣಿನ ಕೊಡದಂಥ ಅವರ ವಾದ್ಯದ ಪೆಟ್ಟು ಸೇರಿತು, ನಡೆ ಚುರುಕಾಯಿತು. ನಾಲ್ಕಾರು ಸಂಜೆಗಳಲ್ಲಿ ಅದು ನಮ್ಮ ಸೋಬಾನೆಯಾಗಿ ಉಳಿಯಲಿಲ್ಲ, ಅವರ ಇಗರ್ಜಿಯ ಹಾಡೂ ಆಗಲಿಲ್ಲ. ಹೊಸದೊಂದು ಹುಟ್ಟಿತ್ತು.

ಜಗಳ ಬಂದದ್ದು ಆಮೇಲೆ. ಕಡಲಿನಿಂದ, ಗುಡ್ಡದಿಂದ ಎಂದ ಮೇಲೆ 'ಘಾಟಾ ಥಾವ್ನ್' ಅಂತಲೂ ಸೇರಿಸೋಣ, ಘಟ್ಟದಿಂದಲೂ ಬಂದವರಿದ್ದಾರಲ್ಲ ಎಂದು ಫಿಲು ಮಾಂಯ್ ಸಹಜವಾಗಿ ಹೇಳಿದರು. ಕೈತಾನ್ ಎದ್ದು ನಿಂತರು.

"ಧಾಟಿ ತೆಗೆದುಕೊಂಡೆವು, ಸರಿ. ಆದರೆ ಈ ಹಾಡು ಈ ವಾಡೆಯದು. ಯಾರು ಬಂದರೂ ಅವರ ಹೆಸರು ಹಾಕುತ್ತ ಹೋದರೆ ನಮ್ಮದು ಅಂತ ಏನು ಉಳಿಯುತ್ತದೆ?"

ಆಗ್ನೆಲ್ ಪಿಟೀಲಿನ ತಂತಿ ಸರಿಮಾಡುತ್ತ ಕೂತ. ಆ ಸಾಲು ಬಿದ್ದುಹೋಯಿತು. ನಾನು ಎದ್ದು ಹಿತ್ತಲಿಗೆ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಕೊಟ್ರೇಶಿಗೆ ಹೇಳಿದೆ.

"ಹಾಡು ಕೊಟ್ಟಿ, ಸಾಕು ಬಿಡು ನಾಗು," ಎಂದರು. "ಅದರಾಗ ಜಾಗಾನೂ ಕೊಡ್ರಿ ಅಂತ ಕೇಳಬ್ಯಾಡ. ನಾಳೆ ಮನಿ ಬಿಡ್ರಿ ಅಂದ್ರ ಎಲ್ಲಿಗೆ ಹೋಗೂಣು?"

"ನಾ ಕೇಳಿಲ್ರಿ. ಮಾಂಯ್ ಕೇಳಿದ್ದು."

"ಯಾರರ ಕೇಳ್ಲಿ. ಹೆಸರು ಬರೋದು ನಮ್ಮ ಮ್ಯಾಲೆ."

ಅವರ ಹೆದರಿಕೆ ಸುಳ್ಳಲ್ಲ. ಮರುದಿನದಿಂದ ನಾನು ಬಲ್ಕಾಂವಿಗೆ ಹೋಗಲಿಲ್ಲ. ನನ್ನ ಧಾಟಿ ಗೋಡೆಯಾಚೆಯಿಂದ ಕೇಳಿಬರುತ್ತಿತ್ತು, ನಾನು ಯಂತ್ರ ತುಳಿಯುತ್ತಿದ್ದೆ. ಊರು ಬಿಟ್ಟ ದಿನವೂ ನನಗೆ ಅಷ್ಟು ದೂರ ಬಂದಿದ್ದೇನೆ ಅನ್ನಿಸಿರಲಿಲ್ಲ.

ಪಂದ್ಯಕ್ಕೆ ಮೂರ್ನಾಲ್ಕು ದಿನವಿದ್ದಾಗ ಕೈತಾನ್ ದೊಡ್ಡ ಬ್ಯಾನರಿನ ಬಟ್ಟೆ ಹಿಡಿದು ಹಿತ್ತಲಿಗೆ ಬಂದರು. ಅಂಚು ಎಲ್ಲಿ ಮಡಚಬೇಕು, ಕೋಲು ಎಲ್ಲಿ ತೂರಬೇಕು ಎಂದು ತೋರಿಸಿದರು. ಹೊರಡುತ್ತಾರೆಂದುಕೊಂಡೆ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ನಿನ್ನ ಹಾಡಿನ ಅರ್ಥವೇನು ಎಂದು ಕೇಳಿದರು. ಮದುವೆಯಾದ ಹುಡುಗಿ ಮನೆಯ ಹೊಸ್ತಿಲು ದಾಟುತ್ತಾಳೆ, ಊರಿನ ಹೊಳೆ ದಾಟುತ್ತಾಳೆ, ತಿರುಗಿ ನೋಡುತ್ತಾಳೆ ಎಂದೆ.

"ಆಮೇಲೆ?"

"ಅಷ್ಟೇ. ಅದನ್ನೇ ಮತ್ತೆ ಮತ್ತೆ ಹಾಡುತ್ತಾರೆ."

ಅವರು ಬಟ್ಟೆಯ ಅಂಚನ್ನು ಬೆರಳಲ್ಲಿ ಮಡಚುತ್ತ, ಕುವೈತಿನಲ್ಲಿ ಒಂದೇ ಕೋಣೆಯಲ್ಲಿ ಎಂಟು ಮಂದಿ ಇದ್ದುದನ್ನು ಹೇಳಿದರು. ಶುಕ್ರವಾರ ರಜೆ. ಎಲ್ಲರೂ ಕೂತು ಊರಿನ ಹಾಡು ಹಾಡುತ್ತಿದ್ದರಂತೆ. ಪಕ್ಕದ ಕೋಣೆಯವರು ಗೋಡೆ ಬಡಿದು ಬೈಯುತ್ತಿದ್ದರಂತೆ.

"ಅಲ್ಲಿ ನಮಗೂ ಒಂದು ಹೆಸರು ಇಟ್ಟಿದ್ದರು," ಎಂದರು.

ಎದ್ದು, ಹೊಲಿಗೆ ಎರಡು ಸಲ ಹಾಕು, ಮಡಗಾಂವದಲ್ಲಿ ಗಾಳಿ ಜಾಸ್ತಿ ಎಂದು ಹೇಳಿ ಹೋದರು.

ಪಂದ್ಯದ ದಿನ ಎರಡು ಲಾರಿಗಳಲ್ಲಿ ಹೋದೆವು. ನಾನು ಬರುವುದಿಲ್ಲವೆಂದಿದ್ದೆ, ಫಿಲು ಮಾಂಯ್ ಕೇಳಲಿಲ್ಲ. ಕೊಟ್ರೇಶಿಯೂ ಅವರ ಜೊತೆ ಕೆಲಸ ಮಾಡುವ ನಮ್ಮ ಕಡೆಯ ಕೆಲವರೂ ಹಿಂದಿನ ಲಾರಿಯಲ್ಲಿದ್ದರು. ಕೂಡ್ಲಿಗಿಯವನೊಬ್ಬ, ಹರಪನಹಳ್ಳಿಯ ಅಣ್ಣತಮ್ಮಂದಿರಿಬ್ಬರು. ಮೈದಾನದಲ್ಲಿ ಅವರು ಎಲ್ಲರಿಗಿಂತ ಹಿಂದೆ, ಮೇಲಿನ ಮೆಟ್ಟಿಲಿಗೆ ಹೋಗಿ ಕೂತರು.

ಅಷ್ಟು ದೊಡ್ಡ ಮೈದಾನವನ್ನು ನಾನು ನೋಡಿರಲಿಲ್ಲ. ನಮ್ಮ ಹಾಡು ಕಟ್ಟೆಯ ಮೇಲೆ ಕೂತವರಿಗೆ ಸಾಕಾಗಿತ್ತು, ಇಷ್ಟು ಜನಕ್ಕೆ ಸಾಲಲಿಲ್ಲ. ಈ ತುದಿಯವರು ಹಾಡಿದ್ದು ಆ ತುದಿಯವರಿಗೆ ತಡವಾಗಿ ಮುಟ್ಟಿ, ಪದದ ಮೇಲೆ ಪದ ಬಿದ್ದು ಗದ್ದಲವಾಯಿತು. ಎದುರಿನವರ ತುತ್ತೂರಿ ಎದ್ದಿತು. ಅರ್ಧ ಆಟದೊಳಗೆ ಅವರು ಒಂದು ಗೋಲು ಹಾಕಿದರು. ನಮ್ಮ ಕಡೆ ಎಲ್ಲರೂ ಬಾಯಿ ಮುಚ್ಚಿ ಕೂತರು. ಆಗ್ನೆಲ್ ತಲೆ ಎತ್ತಲಿಲ್ಲ. ತಪ್ಪು ಅವನದಲ್ಲ, ನನ್ನ ಧಾಟಿಯದು ಅನ್ನಿಸಿ ನನಗೆ ಓಡಿಹೋಗುವಂತಾಯಿತು.

ಬಿಡುವಿನಲ್ಲಿ ಫಿಲು ಮಾಂಯ್ ಮೆಟ್ಟಿಲ ನಡುವೆ ಹೋಗಿ ನಿಂತರು. ಕೊಡೆಯಿಂದ ಜನರನ್ನು ಎರಡು ಪಾಲು ಮಾಡಿದರು. ಈ ಕಡೆಯವರು ಕೇಳಬೇಕು, ಆ ಕಡೆಯವರು ಉತ್ತರ ಕೊಡಬೇಕು, ನಡುವೆ ಬಾಯಿ ಹಾಕಿದವರಿಗೆ ಏಟು ಎಂದರು. ಮೊದಲ ಸಾಲು ಎತ್ತಿಕೊಡಲು ಕೈತಾನರನ್ನು ಬೆಂಚಿನ ಮೇಲೆ ಹತ್ತಿಸಿದರು. ನನ್ನನ್ನು ಉತ್ತರ ಕೊಡುವವರ ಮುಂದೆ ನಿಲ್ಲಿಸಿದರು.

ಕೈತಾನ್ ಎತ್ತಿದರು. 'ಕೋಣ್ ಆಯ್ಲೆ?' ನಾವು ಒಂದೇ ದನಿಯಲ್ಲಿ ಉತ್ತರ ಕೊಟ್ಟೆವು. ಘುಮಟ್ ಕೂಡಿಕೊಂಡಿತು. 'ದರ್ಯಾ ಥಾವ್ನ್.' ಕೊಟ್ಟೆವು. 'ದೊಂಗ್ರಾ ಥಾವ್ನ್.' ಕೊಟ್ಟೆವು. ಅಲ್ಲಿಗೆ ಮುಗಿದು ಮೊದಲಿಗೆ ಬರಬೇಕು. ಕೈತಾನ್ ಮೇಲಿನ ಮೆಟ್ಟಿಲ ಕಡೆ ತಿರುಗಿದರು. 'ಘಾಟಾ ಥಾವ್ನ್' ಎಂದು ಎತ್ತಿದರು.

ನಮ್ಮ ಕಡೆ ಯಾರೂ ಆ ಸಾಲು ಬರುತ್ತದೆಂದು ಎಣಿಸಿರಲಿಲ್ಲ. ಒಂದು ಕ್ಷಣ ಉತ್ತರ ಬರಲಿಲ್ಲ. ಆಮೇಲೆ ಹಿಂದಿನಿಂದ ನಾಲ್ಕೈದು ಒರಟು ಗಂಟಲುಗಳು 'ಆಮಿ ಆಯ್ಲೆ' ಅಂದವು. ತಿರುಗಿ ನೋಡಿದೆ. ಹರಪನಹಳ್ಳಿಯ ಅಣ್ಣತಮ್ಮಂದಿರು ಎದ್ದು ನಿಂತಿದ್ದರು. ಸುಮ್ಮನಿರು ಎಂದು ನನಗೆ ಹೇಳಿದ್ದ ಕೊಟ್ರೇಶಿಯೂ ಎದ್ದು ನಿಂತಿದ್ದರು. ಎರಡನೆಯ ಸಲ ಕೈತಾನ್ ಎತ್ತಿದಾಗ ಇಡೀ ಸಾಲು ಉತ್ತರ ಕೊಟ್ಟಿತು. ನಾನು ಹಾಡಲಾರದೆ ಬರೀ ತುಟಿ ಆಡಿಸಿದೆ.

ಹಾಡಿನಿಂದ ಗೋಲು ಬಂತು ಎಂದು ನಾನು ಹೇಳುವುದಿಲ್ಲ. ನಮ್ಮ ಎಡಗಡೆಯ ಹುಡುಗ ಚೆನ್ನಾಗಿ ಒದ್ದ, ಅವರ ಗೋಲಿ ಜಾರಿದ. ಆಟ ಸಮಸಮವಾಗಿ ಮುಗಿಯಿತು. ನಾವು ಗೆದ್ದವರ ಹಾಗೆ ಹಾಡುತ್ತ ವಾಸ್ಕೊಗೆ ಬಂದೆವು. ಆ ಸಾಲನ್ನು ಏಕೆ ಸೇರಿಸಿದಿರಿ ಎಂದು ಆಗ್ನೆಲ್ ಲಾರಿಯಲ್ಲಿ ಕೇಳಿದಾಗ ಕೈತಾನ್, ಉಸಿರು ಉಳಿದಿತ್ತು, ಹಾಡಿದೆ ಎಂದರು. ಆ ಸಾಲು ಇಂದಿಗೂ ಹಾಡಿನಲ್ಲಿದೆ.

ಇದರಿಂದ ಎಲ್ಲವೂ ಸರಿಹೋಯಿತೆಂದು ಊರಿನವರು ತಿಳಿಯಬಾರದು. ಬಸ್‌ಸ್ಟ್ಯಾಂಡಿನಲ್ಲಿ ಘಾಂಟಿ ಎನ್ನುವವರು ಈಗಲೂ ಇದ್ದಾರೆ. ಆದರೆ ಮೀನು ಮಾರುಕಟ್ಟೆಯಲ್ಲಿ ನನ್ನ ಗುರುತೇ ಇಲ್ಲದ ಹೆಂಗಸರು, ಹಾಡಿನವಳಲ್ಲವೆ ನೀನು ಎಂದು ಮಾತಾಡಿಸುತ್ತಾರೆ. ನಾನು ಮೀನು ತಿನ್ನುವವಳಲ್ಲ ಎಂದರೆ ಅವರಿಗೆ ನಂಬಿಕೆಯಾಗುವುದಿಲ್ಲ.

ಆ ಪಂದ್ಯದ ಮರುವರ್ಷ ತಂಗಿಯ ಮದುವೆಗೆ ಹಡಗಲಿಗೆ ಬಂದೆ. ಅರಿಸಿನ ಕುಟ್ಟುವ ದಿನ ಹುಲಿಗೆವ್ವನಿಗೆ ಸುದ್ದಿ ಹೇಳಿದೆ. ಆಕೆಗೆ ಬಹಳ ಹೊತ್ತು ನಂಬಿಕೆ ಬರಲಿಲ್ಲ.

"ಗಂಡಸ್ರು ಸೋಬಾನಿ ಹಾಡ್ತಾರನು? ಅದೂ ಚೆಂಡು ಒದಿಯೋ ಬಯಲಾಗ?"

"ಹೂಂ ಬೇ. ಮೈದಾನ ತುಂಬ ಹಾಡ್ತಾರ."

"ಹಂಗಾರ ನೀ ಎತ್ತಿಕೊಡು, ನಾವು ನೋಡ್ತೀವಿ."

ನಾನು ಎತ್ತಿಕೊಟ್ಟೆ. ಹಡಗಲಿಯ ಹೆಂಗಸರು ಒನಕೆ ಹಿಡಿದುಕೊಂಡೇ ಕೊಂಕಣಿಯನ್ನು ತಮಗೆ ಬಂದ ಹಾಗೆ ತಿರುಚಿ ಉತ್ತರ ಕೊಟ್ಟರು, ನಕ್ಕು ನಕ್ಕು ಅರಿಸಿನ ಚೆಲ್ಲಿದರು. ನಾನೂ ನಕ್ಕೆ. ನಗುತ್ತಿದ್ದಂತೆ ನನಗೆ ಫಿಲು ಮಾಂಯ್, ಕೈತಾನ್, ಮಡಗಾಂವದ ಆ ಮೆಟ್ಟಿಲುಗಳು ನೆನಪಾದವು. ತವರಿನ ಅಂಗಳದಲ್ಲಿ ಕೂತು ಇನ್ನೊಂದು ಊರಿಗಾಗಿ ಕಣ್ಣು ತುಂಬುವುದೆಂದು ನಾನು ಅಂದುಕೊಂಡಿರಲಿಲ್ಲ.

"ನಿಮ್ಮೂರಿಗೆ ಯಾವಾಗ ಹೊಂಟಿ?" ಹುಲಿಗೆವ್ವ ಕೇಳಿದಳು.

"ಐತವಾರ ಮ್ಯಾಚ್ ಐತಿ, ಅಷ್ಟರಾಗ ಹೋಗಬೇಕು," ಎಂದುಬಿಟ್ಟೆ. ಆಮೇಲೆ ಅವ್ವನ ಮುಖ ನೋಡಿದೆ. ಅವ್ವ ಬಗ್ಗಿ ಚೆಲ್ಲಿದ ಅರಿಸಿನ ಬಳಿಯತೊಡಗಿದಳು.

ಹೊರಡುವ ದಿನ ಅವ್ವ ಒದ್ದೆ ಬಟ್ಟೆಯಲ್ಲಿ ಮೊಗ್ಗು ಸುತ್ತಿ ಕೈಗಿತ್ತು, ಹೋಗಿ ಬಾ ಎಂದಳು. ಎಂಟು ದಿನದ ಹಿಂದೆ ವಾಸ್ಕೊ ಬಿಡುವಾಗ ಫಿಲು ಮಾಂಯ್ ಕೂಡ, ವಚೂನ್ ಯೇ ಎಂದಿದ್ದರು. ಅದರ ಅರ್ಥವೂ ಹೋಗಿ ಬಾ ಎಂದೇ. ಇದರಲ್ಲಿ ಹೋಗುವುದು ಯಾವುದು, ಬರುವುದು ಯಾವುದು ಎಂದು ಬಸ್ಸಿನ ಕಿಟಕಿಗೆ ತಲೆ ಆನಿಸಿ ಯೋಚಿಸುತ್ತಿದ್ದೆ. ಕಂಡಕ್ಟರ್ ಬಂದು, ಎಲ್ಲಿಗೆ ಅಕ್ಕಾ ಎಂದು ಕೇಳಿದ.

ಹುಬ್ಬಳ್ಳಿ ಎಂದೆ. ಅಲ್ಲಿ ಬಸ್ಸು ಬದಲಿಸಬೇಕಿತ್ತು.