ಜನ ಬಿಟ್ಟ ಊರಿನ ಹಗೇವು

ಕಲಬುರಗಿಯಿಂದ ಹುಮನಾಬಾದಿಗೆ ಹೊರಟ ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿತು. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟು ಪಡೆದು, ದುಡ್ಡು ಕೊಟ್ಟವರಿಗಿಂತ ಹೆಚ್ಚಿನ ಗತ್ತಿನಲ್ಲಿ ಕೂತೆ. ಅಕ್ಟೋಬರಿನ ದಸರಾ ರಜೆ. ಮಳೆ ನಿಂತು ಎಂಟು ದಿನವಾಗಿತ್ತು, ಹೊಲಗಳಲ್ಲಿ ತೊಗರಿ ಎದೆಮಟ್ಟ ಬೆಳೆದು ನಿಂತಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ರಜೆಗೆ ಮುಂಚೆ ತರಗತಿಯಲ್ಲಿ ಒಬ್ಬ ಹುಡುಗಿ, "ಮನುಷ್ಯಾರೆಲ್ಲಾ ಒಮ್ಮಿಗೇ ಇಲ್ಲದಂಗ ಆದ್ರ ಏನಾಗ್ತದ್ರಿ ಟೀಚರ್?" ಎಂದು ಕೇಳಿದ್ದಳು. "ಏನಾಗ್ತದ, ಗಿಡಮರ ಖುಷಿಯಿಂದ ಬೆಳೀತಾವ, ಭೂಮಿ ಹಾಯಾಗಿ ಉಸಿರಾಡ್ತದ" ಎಂದು ಹಿಂದುಮುಂದು ನೋಡದೆ ಹೇಳಿಬಿಟ್ಟಿದ್ದೆ. ಅದನ್ನು ಫೋನಿನಲ್ಲಿ ಗೆಳತಿ ನಜ್ಮಾಳಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. "ಪುಸ್ತಕದಾಗ ಓದಿ ಹೇಳ್ಬ್ಯಾಡ. ನಮ್ಮ ಹಳೀ ಊರಿಗಿ ಬಾ, ತೋರಸ್ತೀನಿ. ಜನಾ ಬಿಟ್ಟು ಮೂವತ್ತು ವರ್ಷ ಆತು" ಎಂದಳು.

ನಜ್ಮಾ ಮತ್ತು ನಾನು ಬಿ.ಎಡ್. ಓದುವಾಗ ಒಂದೇ ಕೋಣೆಯಲ್ಲಿದ್ದವರು. ಈಗ ಅವಳು ಹುಮನಾಬಾದಿನಲ್ಲಿ ಗಣಿತದ ಟೀಚರು, ಮನೆ ಮಾಣಿಕನಗರದ ದಾರಿಯಲ್ಲಿ. ಅವಳು ಹುಟ್ಟಿದ್ದು ಬಸವಕಲ್ಯಾಣದ ಆಚೆ, ಹುಲಸೂರಿನ ಕಡೆಯ ಒಂದು ಸಣ್ಣ ಊರಿನಲ್ಲಿ. ಅವಳಿಗೆ ಹನ್ನೆರಡು ವರ್ಷವಿದ್ದಾಗ ಭೂಮಿ ನಡುಗಿ ಗೋಡೆಗಳು ಬಿರುಕು ಬಿಟ್ಟವು. ಹೆದರಿದ ಜನ ಇಡೀ ಊರನ್ನೇ ಬಿಟ್ಟು, ಒಂದು ಮೈಲಿ ಈಚೆ ಡಾಂಬರು ರಸ್ತೆಯ ಪಕ್ಕದಲ್ಲಿ ಹೊಸ ಊರು ಕಟ್ಟಿಕೊಂಡರು. ಆ ಹಳೆಯ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಓದಿದವರು ಯಾರಾದರೂ ನೋಡಲು ಹೋದಾರು ಎಂಬ ಭಯ ನನಗಿದೆ.

ಮರುದಿನ ಬೆಳಿಗ್ಗೆ ನಜ್ಮಾಳ ಮನೆಯಲ್ಲಿ ಚುರುಮುರಿ ಸುಸಲಾ, ಮಿರ್ಚಿ ಬಜಿ ತಿಂದು, ರೊಟ್ಟಿ, ಶೇಂಗಾ ಹಿಂಡಿ, ಮಾವಿನ ಉಪ್ಪಿನಕಾಯಿ ಕಟ್ಟಿಕೊಂಡು ಹೊರಟೆವು. ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಒಂದು ತಾಸು. ಅಲ್ಲಿಂದ ಹುಲಸೂರಿನ ದಾರಿಗೆ ಟಂಟಂ ಆಟೋ, ತಲೆಗೆ ಮೂವತ್ತು ರೂಪಾಯಿ. ಹನ್ನೊಂದು ಜನರ ನಡುವೆ ಸಿಕ್ಕಿಕೊಂಡು ಕೂತಿದ್ದ ನಜ್ಮಾಳಿಗೆ ಒಂದೇ ಧ್ಯಾನ. ಅವರ ಅಂಗಳದಲ್ಲಿ ಅಜ್ಜ ನೆಟ್ಟ ಸೀತಾಫಲದ ಗಿಡವೊಂದಿತ್ತು. ಅದರ ಹಣ್ಣನ್ನು ತನ್ನ ಕೈಯಾರೆ ಕಿತ್ತು ತಿನ್ನಬೇಕು ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿದಳು.

ಹೊಸ ಊರಿನಲ್ಲಿ ಕಾಶಪ್ಪ ನಮಗಾಗಿ ಕಾದಿದ್ದರು. ಎಪ್ಪತ್ತರ ಆಸುಪಾಸಿನ ಮನುಷ್ಯ, ತಲೆಗೆ ರುಮಾಲು, ಹಿಂದೆ ಒಂದಿಷ್ಟು ಆಡು. ಹಳೆಯ ಊರಿಗೆ ದಿನಾ ಹೋಗುವವರು ಅವರೊಬ್ಬರೇ. "ಹಾಳೂರಿಗೆ ಉಳಿದಾಂವನೇ ಗೌಡ ಅಂತಾರಲ್ರಿ, ಆ ಗೌಡ ನಾನೇ" ಎಂದು ತಮ್ಮನ್ನೇ ಗೇಲಿ ಮಾಡಿಕೊಂಡರು. ನನಗೆ ಅವರು ಕೂಡಲೇ ಹಿಡಿಸಿದರು.

ಊರೊಳಗೆ ಕಾಲಿಟ್ಟಾಗ ಸುಮಾರು ಹನ್ನೆರಡು ಗಂಟೆ. ನಾನು ನೆನೆಸಿಕೊಂಡಿದ್ದ ಹಚ್ಚಹಸಿರು ಹಬ್ಬ ಅಲ್ಲಿರಲಿಲ್ಲ. ಜಾಲಿಯ ಮುಳ್ಳು ಓಣಿಗಳನ್ನು ತುಂಬಿತ್ತು. ಮುಳ್ಳಿಲ್ಲದ ಕಡೆ ಸೊಂಟದೆತ್ತರ ಹುಲ್ಲು. ಜನ ಹೋಗುವಾಗ ಬಾಗಿಲು, ತೊಲೆ ಎಲ್ಲ ಬಿಚ್ಚಿಕೊಂಡು ಹೋಗಿದ್ದರಿಂದ ಮನೆಗಳಿಗೆ ಚಾವಣಿ ಇರಲಿಲ್ಲ. ಗೋಡೆಯ ಸಂದಿಯಲ್ಲಿ ಹುಟ್ಟಿದ ಅರಳಿ ಕಲ್ಲನ್ನು ಮೆಲ್ಲಗೆ ಹೊರಗೆ ತಳ್ಳುತ್ತಿತ್ತು. ಗುಬ್ಬಿ ಇರಲಿಲ್ಲ, ಕಾಗೆಯೂ ಕೂಗಲಿಲ್ಲ. "ಕಾಳು ಚೆಲ್ಲವ್ರು ಇಲ್ಲಂದ ಮ್ಯಾಲ ಅವ್ಯಾಕ ಇರ್ತಾವ್ರಿ? ನಾವ್ ಹೋದ ಎರಡ್ನೇ ವರ್ಷನೇ ಗುಬ್ಬಿ ಹೋದುವು" ಎಂದರು ಕಾಶಪ್ಪ. ಇಷ್ಟು ಗಿಡಮರ ಇರುವಲ್ಲಿ ಇಷ್ಟು ಮೌನ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ನಜ್ಮಾ ಮಾತ್ರ ಇದು ಮಸೀದಿ, ಇದು ಕಿರಾಣಿ ಅಂಗಡಿ ಎಂದು ಬರೀ ಮಣ್ಣಿನ ದಿಬ್ಬಗಳನ್ನು ತೋರಿಸುತ್ತಾ ಮುಂದೆ ಮುಂದೆ ಹೋಗುತ್ತಿದ್ದಳು.

"ನಿಂದರ್ರಿ, ಇಲ್ಲಿಂದ ನನ್ನ ಹೆಜ್ಜಿ ಮ್ಯಾಲೇ ಹೆಜ್ಜಿ ಇಡ್ರಿ. ಕೆಳಗ ಹಗೇವು ಅವ" ಎಂದು ಕಾಶಪ್ಪ ಅವಳನ್ನು ತಡೆದರು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಕೋಣೆಯಷ್ಟು, ಆಳ ಎರಡೂವರೆ ಆಳಿನಷ್ಟು. ಲೂಟಿಗಾರರ ಕಾಲದಲ್ಲಿ ತೋಡಿದವಾದ್ದರಿಂದ ಅವುಗಳ ಜಾಗ ಮನೆಯ ಯಜಮಾನನಿಗೆ ಮಾತ್ರ ಗೊತ್ತಿರುತ್ತಿತ್ತು. ಗುರುತಿನ ಕಲ್ಲು ಇಡುತ್ತಿರಲಿಲ್ಲ. ಊರ ನಡುವಿನ ಬೇವಿನ ಮರದಿಂದ ಇಂತಿಷ್ಟು ಹೆಜ್ಜೆ ಎಂದು ಎಣಿಸಿ ನೆನಪಿಡುವುದು ರೂಢಿ. ಊರು ಬಿಡುವಾಗ ಜನ ಬಾಯಿ ಮುಚ್ಚಿದ್ದ ಹಾಸುಗಲ್ಲುಗಳನ್ನೂ ಹೊಸ ಮನೆಯ ಮೆಟ್ಟಿಲಿಗೆಂದು ಒಯ್ದರು. ಅವುಗಳ ಜಾಗದಲ್ಲಿ ಕಟ್ಟಿಗೆ ಅಡ್ಡ ಹಾಕಿ ಮಣ್ಣು ಎಳೆದರು. ಆ ಕಟ್ಟಿಗೆಯನ್ನು ಗೆದ್ದಲು ಎಂದೋ ತಿಂದಿರಬೇಕು. ಊರಿನ ಹಿರಿಯರು ಸಾಯುವ ಮುಂಚೆ ಕಾಶಪ್ಪ ಒಬ್ಬೊಬ್ಬರನ್ನೇ ಕೇಳಿ ಎಲ್ಲರ ಹೆಜ್ಜೆಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದರು. "ನಜ್ಮವ್ವಾ, ನಿಮ್ಮಜ್ಜಂದು ಬೇವಿನಿಂದ ಮೂಡಲಕ್ಕ ಇಪ್ಪತ್ತೆರಡು ಹೆಜ್ಜಿ. ಅದನ್ನ ಬಳಸಿ ಹೋಗೂಣು."

ಎದುರಿಗೆ ದಟ್ಟವಾದ ಬೇವಿನ ಮರ ನಿಂತಿತ್ತು. ಕಾಶಪ್ಪ ಅದರ ಬುಡದಿಂದ ಎಣಿಸುತ್ತಾ ಹೊರಟು, ಹದಿನೆಂಟಕ್ಕೆ ಎಡಕ್ಕೆ ತಿರುಗಿದರು. ನಾವು ಅವರ ಹಿಂದೆ. ಅಂಗಳದ ಸೀತಾಫಲ ಕಂಡಿತು, ಕಣ್ಣು ಬಿಟ್ಟ ಹಣ್ಣುಗಳು ಜೋತಾಡುತ್ತಿದ್ದವು. "ಅರೇ, ಇನ್ನಾ ಅದ ನೋಡೇ!" ಎಂದು ನಜ್ಮಾ ನನ್ನ ಕಡೆ ತಿರುಗಿ ನಕ್ಕಳು. ಅವಳು ನಡೆಯುತ್ತಿದ್ದದ್ದು ಕಾಶಪ್ಪನವರ ಹೆಜ್ಜೆಯ ಮೇಲೆಯೇ. ಮರುಕ್ಷಣ ಹುಲ್ಲಿತ್ತು, ನಜ್ಮಾ ಇರಲಿಲ್ಲ.

ನೆಲದೊಳಗಿನಿಂದ "ಕಾಲು, ನನ್ನ ಕಾಲು" ಎಂದು ಅವಳ ದನಿ ಬಂದಾಗ ಬದುಕಿದ್ದಾಳಲ್ಲ ಎಂದು ಅಳುವೇ ಬಂತು. ಇಳಿಯಲು ಹೊರಟ ನನ್ನನ್ನು ಕಾಶಪ್ಪ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. "ದೀಪಾ ಇಳಸ್ದೇ ಹಗೇವು ಇಳೀಬಾರ್ದ್ರಿ ಟೀಚರ್! ಗಾಳಿ ಕೆಟ್ಟಿರ್ತದ, ಇಳಿದವ್ರು ಏಳೂದಿಲ್ಲ!" ಹೊಸ ಊರಿಗೆ ಫೋನು ಮಾಡಿದರು. ಹಗ್ಗ ತರಲು ಅರ್ಧ ತಾಸಾದರೂ ಬೇಕೆಂದರು.

ದೀಪ ಎಲ್ಲಿಂದ ತರುವುದು? ಬುತ್ತಿಯ ಮುಚ್ಚಳಕ್ಕೆ ಉಪ್ಪಿನಕಾಯಿಯ ಎಣ್ಣೆ ಬಸಿದೆ. ಕಾಶಪ್ಪ ರುಮಾಲಿನ ಅಂಚು ಹರಿದು ಬತ್ತಿ ಹೊಸೆದು ಹೊತ್ತಿಸಿ, ಉಳಿದ ರುಮಾಲಿಗೆ ಮುಚ್ಚಳ ಕಟ್ಟಿ ಇಳಿಬಿಟ್ಟರು. ಬೆಳಕಿನಲ್ಲಿ ನಜ್ಮಾ ಕಂಡಳು. ಕುಸಿದ ಮಣ್ಣಿನ ಗುಡ್ಡೆಯ ಮೇಲೆ ಒಂಟಿಗಾಲಿನಲ್ಲಿ ನಿಂತು ಗೋಡೆ ಹಿಡಿದಿದ್ದಳು. ಅವಳ ಮುಖದ ಹತ್ತಿರ ದೀಪ ಸಣ್ಣಗಾಯಿತು. ಸೊಂಟದ ಹತ್ತಿರ ಆರಿಹೋಯಿತು.

ಕೊಳೆತ ಎಲೆ, ಬೇರುಗಳಿಂದ ಹುಟ್ಟಿದ ಕೆಟ್ಟ ಗಾಳಿ ಭಾರವಾದದ್ದು, ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಇದನ್ನು ನಾನೇ ಪ್ರತಿ ವರ್ಷ ಪಾಠ ಮಾಡುತ್ತೇನೆ. ನಜ್ಮಾ ಕೂತಳೋ, ಸತ್ತಳು.

"ತಲಿ ಸುತ್ತಾಕತ್ತದ. ಒಂದ್ ಘಳಿಗಿ ಕೂಡ್ತೀನೇ" ಎಂದಳು ಅವಳು.

"ಕೂಡಬ್ಯಾಡ!" ನಾನು ಕಿರುಚಿದೆ. "ಕಾಲು ಮುರದ್ರೂ ಅಡ್ಡಿಲ್ಲ, ನಿಂದ್ರು! ಮುಖಾ ಮ್ಯಾಲೆತ್ತು, ಕೈಗೆ ಏನು ಸಿಗ್ತದೋ ಅದನ್ನ ಹಿಡಿ!"

"ಬರೇ ಬೇರವ. ಎಲ್ಲಾ ಕಡೆ ಬೇರು. ಮುಖಕ್ಕ ಹತ್ತಾಕತ್ತಾವ, ನನಗ ಅಂಜಿಕಿ ಬರ್ತದ."

"ಅವನ್ನೇ ಹಿಡಿ!"

ಕಾಶಪ್ಪ ಬೇವಿನ ಟೊಂಗೆಗಳನ್ನು ಮುರಿದು ತಂದು, ಬಾಯಿಯೊಳಗೆ ಇಳಿಸುತ್ತಾ ಎತ್ತುತ್ತಾ ಗಾಳಿ ಕಲಕತೊಡಗಿದರು. ನಾನೂ ಮೊಣಕಾಲೂರಿ ಅದನ್ನೇ ಮಾಡಿದೆ. ಅವಳು ಕಣ್ಣು ಮುಚ್ಚಬಾರದೆಂದು ಮಗ್ಗಿ ಕೇಳಿದೆ. ಹದಿಮೂರರ ಮಗ್ಗಿಯನ್ನು ಗಣಿತದ ಟೀಚರು ಮೂರು ಸಲ ತಪ್ಪಿದಳು. ಮೂರನೆಯ ಸಲ ಉತ್ತರ ಬರುವುದೇ ತಡವಾಯಿತು. ಅಂಥ ಹೆದರಿಕೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ, ಕಾಣುವುದೂ ಬೇಡ.

ನಲವತ್ತು ನಿಮಿಷದ ಮೇಲೆ ಆರೇಳು ಜನ ಹಗ್ಗ ಹಿಡಿದು ಓಡಿ ಬಂದರು. ಕುಣಿಕೆಯನ್ನು ಕಂಕುಳಿಗೆ ಹಾಕಿಕೊಳ್ಳುವಷ್ಟು ಎಚ್ಚರ ಅವಳಿಗಿತ್ತು. ಮೇಲೆ ಬಂದಾಗ ತುಟಿ ನೀಲಿ, ಮುಷ್ಟಿಯಲ್ಲಿ ಕಿತ್ತುಬಂದ ಬೇರುಗಳು. ನೀರು ಕುಡಿದು, ವಾಂತಿ ಮಾಡಿ, ಆಮೇಲೆ ನನ್ನ ಹೆಸರು ಹಿಡಿದು ಬೈದಳು. ಆ ಬೈಗುಳ ಕೇಳಿ ಅವಳು ಉಳಿದಳೆಂದು ನನಗೆ ಧೈರ್ಯ ಬಂತು. ಪಾದದ ಗಂಟು ಮುರಿದಿತ್ತು.

ಅಷ್ಟರಲ್ಲಿ ಕಾಶಪ್ಪ ಮುಳ್ಳಿನೊಳಗೆ ನುಗ್ಗಿ ಏನನ್ನೋ ಹುಡುಕುತ್ತಿದ್ದರು. ನಾನು ಹತ್ತಿರ ಹೋದೆ. ನಾವು ಎಣಿಸಿದ ಬೇವಿನಿಂದ ಪಡುವಲಕ್ಕೆ ಆರು ಹೆಜ್ಜೆ ಆಚೆ, ಹುಲ್ಲಿನಡಿ, ಪುಡಿಪುಡಿಯಾದ ಒಂದು ದೊಡ್ಡ ಬುಡವಿತ್ತು. ಹಳೆಯ ಬೇವು ಅದು. ಅದು ಯಾವಾಗ ಬಿತ್ತೋ, ಅದರ ಬೀಜದಿಂದ ಈಗಿನ ಮರ ಯಾವಾಗ ಎದ್ದಿತೋ, ನೋಡಲು ಯಾರೂ ಇರಲಿಲ್ಲ. ದಿನಾ ಬರುತ್ತಿದ್ದ ಅವರೂ ಗಮನಿಸಿರಲಿಲ್ಲ.

"ಎಣಿಕಿ ಖರೇ ಇತ್ರಿ. ಗಿಡಾನೇ ಬ್ಯಾರೆ" ಎಂದರು. "ನಲವತ್ತು ಹಗೇವು ಬಾಯಿಪಾಠ ಅದಾವ. ಎಲ್ಲಾ ಆ ಗಿಡದಿಂದ ಎಣಿಸಿದ್ದು. ಈಗ ಒಂದೂ ಎಲ್ಲದ ಅನ್ನೂದು ನನಗ ಗೊತ್ತಿಲ್ಲ."

"ಈ ಬುಡದಿಂದ ಮತ್ತ ಎಣಿಸ್ರಿ" ಎಂದೆ.

ಅವರು ಕಾಲಿನಿಂದ ಮುಟ್ಟಿದ ಕೂಡಲೇ ಬುಡ ಮಣ್ಣಾಗಿ ಉದುರಿತು. "ಮುಂದಿನ ಮಳಿಗಿ ಇದೂ ಇರೂದಿಲ್ರಿ" ಎಂದರು.

ನಜ್ಮಾಳನ್ನು ಕಂಬಳಿಯಲ್ಲಿ ಹೊತ್ತು, ಬಂದ ಜಾಡಿನಲ್ಲೇ ಹೊರಗೆ ತಂದು, ಹೊಸ ಊರಿನಿಂದ ತರಿಸಿದ ಜೀಪಿನಲ್ಲಿ ಮಲಗಿಸಿದರು. ಬಸವಕಲ್ಯಾಣದ ಆಸ್ಪತ್ರೆಗೆ ಹೋಗಬೇಕಿತ್ತು. ಆಡುಗಳು ಊರೊಳಗೇ ಉಳಿದಿವೆ ಎಂದು ಕಾಶಪ್ಪ ಹಿಂದಕ್ಕೆ ಹೊರಟರು. ಬೇಡವೆಂದು ಎಲ್ಲರೂ ಹೇಳಿದರು, ಅವರು ಕೇಳಲಿಲ್ಲ. ಜೀಪು ಹೊರಟಾಗ ನಾನು ತಿರುಗಿ ನೋಡಿದೆ. ಎಪ್ಪತ್ತು ವರ್ಷ ಓಡಾಡಿದ ತಮ್ಮ ಓಣಿಯಲ್ಲಿ ಕಾಶಪ್ಪ ಕೋಲಿನಿಂದ ನೆಲ ಚುಚ್ಚಿ ನೋಡಿ ಒಂದು ಹೆಜ್ಜೆ ಇಟ್ಟರು. ನಿಂತರು. ಮತ್ತೆ ಚುಚ್ಚಿದರು. ಎರಡನೆಯ ಹೆಜ್ಜೆ ಇಡಲು ಅವರಿಗೆ ಧೈರ್ಯವಾಗಲಿಲ್ಲ.