ಅವ್ವನ ದನಿಯ ರೆಕಾರ್ಡ್

ಗಂಟಲಿನ ಆಪರೇಷನ್ ಆದ ಮೇಲೆ ಅವ್ವನಿಗೆ ಪಿಸುಮಾತು ಮಾತ್ರ ಉಳಿದಿತ್ತು. ಮದುವೆಗೆ ಮುಂಚೆ ಆಕೆ ಮೇಳದವರೊಂದಿಗೆ ಹಾಡಿದ ಬೀರಪ್ಪ ದೇವರ ಪದಗಳ ರೆಕಾರ್ಡೊಂದು ಗದ್ವಾಲದ ನಮ್ಮ ಮನೆಯಲ್ಲಿತ್ತು. ಅದನ್ನು ಆಕೆಗೆ ಕೇಳಿಸಲೆಂದೇ ನನ್ನ ಗಂಡ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ ಅಮೆರಿಕದ ಹಳೆಯ ರೆಕಾರ್ಡ್ ಪ್ಲೇಯರ್ ತಂದರು. ಅದು ನೂರಾಹತ್ತು ವೋಲ್ಟಿನದು. ನಮ್ಮ ಕರೆಂಟಿಗೆ ಸುಟ್ಟುಹೋಗದಿರಲೆಂದು ನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟು ಹಚ್ಚಿದೆವು. ತಟ್ಟೆ ತಿರುಗಿತು. ಆದರೆ ದನಿ ಎಳೆದೆಳೆದು, ಗಂಡಸಿನ ದನಿಯಂತೆ ದಪ್ಪವಾಗಿ ಬಂತು.

“ಇದು ನಾ ಅಲ್ಲ ಬಿಡವ್ವಾ,” ಎಂದು ಅವ್ವ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

“ವೋಲ್ಟೇಜ್ ಸರಿ ಐತ್ರಿ ಅತ್ತಿ. ಅಮೆರಿಕದಾಗ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿತೈತಿ, ನಮ್ಮದು ಐವತ್ತೇ. ಅದಕ್ಕ ಮೋಟಾರು ನಿಧಾನ ತಿರುಗಾಕತ್ತೈತಿ. ತಟ್ಟಿ ತಿರುಗಿಸೋ ಅದರ ಗಾಲಿ ಬದಲು ಮಾಡಿಸ್ತೀನ್ರಿ,” ಎಂದರು ನನ್ನ ಗಂಡ.

ರಾಯಚೂರಿನಲ್ಲಿ ಕೊಂಚ ದೊಡ್ಡ ಗಾಲಿ ಮಾಡಿಸಿ ತಂದು ಕೂಡಿಸಿದರು. ಈ ಸಲ ಎಳೆಯ ಹುಡುಗಿಯೊಬ್ಬಳ ದನಿ ಮನೆಯನ್ನೆಲ್ಲ ತುಂಬಿತು. ಅದು ಅವ್ವನೇ. ಆಕೆಯ ತುಟಿಗಳು ಪದದ ಜೊತೆ ಆಡತೊಡಗಿದವು. ಏರುದನಿಯ ಸಾಲು ಬಂದಾಗ ತಾನೂ ಬಾಯಿ ತೆರೆದಳು. ಬರೀ ಉಸಿರು ಹೊರಬಂತು.

“ಸಾಕು, ಬಂದ್ ಮಾಡ್ರಿ,” ಎಂದಳು.

ನಾನು ಆಕೆಯ ಕೈ ಹಿಡಿದು ಕುಳಿತೆ. ಮತ್ತೆಂದೂ ಆಕೆ ರೆಕಾರ್ಡ್ ಹಾಕೆನ್ನಲಿಲ್ಲ, ನಾವೂ ಹಾಕಲಿಲ್ಲ.