ಯಾನೆಕೆಯ ಗಲ್ಲ ಹಿಡಿದ ಕೈ

ಆ ದಿನ ಯಾನೆಕೆಯನ್ನು ಮುಟ್ಟಿದವಳು ನಾನು. ಯಾರೂ ಮುಟ್ಟಲಿಲ್ಲ ಎಂದು ಸುಳ್ಳು ಹೇಳಿದವಳೂ ನಾನೇ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅವಳಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ — ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಯಾನೆಕೆ ಡಚ್ ಹುಡುಗಿ, ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಡ್ಯಾನ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯವಳು. ತನ್ನ ದೇಶದಲ್ಲಿ ದೂರದ ಫ್ರೀಸ್ಟೈಲ್ ಈಜುತ್ತಿದ್ದಳು. ತಾಯಿ ತೀರಿಕೊಂಡ ವರ್ಷವೇ ರಾಷ್ಟ್ರೀಯ ತಂಡದ ಆಯ್ಕೆಯಲ್ಲಿ ಕೂದಲೆಳೆಯಲ್ಲಿ ತಪ್ಪಿಹೋಯಿತು. ಈಜು ಬಿಟ್ಟು, ಕೆಲಸ ಹಿಡಿದು ಇಲ್ಲಿಗೆ ಬಂದವಳು ಕೊಲ್ಲಿಯ ತಣ್ಣೀರು ಕಂಡದ್ದೇ ಮತ್ತೆ ಇಳಿದಳು. ಹೇವರ್ಡ್ ಕಡೆಯ ಸೇತುವೆಯಿಂದ ಸ್ಯಾನ್ ಫ್ರಾನ್ಸಿಸ್ಕೋ ದಂಡೆಯವರೆಗೆ ಒಂದೇ ಸಮನೆ ಈಜಬೇಕು. ಅದು ದಾಖಲೆಯಾದರೆ ದೇಶ ದೇಶಗಳ ನಡುವಿನ ದೊಡ್ಡ ಕಡಲ್ಗಾಲುವೆಗಳನ್ನು ಈಜಿ ದಾಟುವ ದಾರಿ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಜೊತೆಯ ದೋಣಿಯಲ್ಲಿ ಊಟ ಕೊಡುವ ಕೆಲಸ ನನ್ನದು. ಹಗ್ಗಕ್ಕೆ ಕಟ್ಟಿದ ಬಾಟಲಿಯನ್ನು ನೀರಿಗೆ ಎಸೆಯಬೇಕು, ಅವಳೇ ಹಿಡಿದು ಕುಡಿಯಬೇಕು. ದೋಣಿಯವರು ಒಂದು ಬೆರಳು ತಾಗಿಸಿದರೂ ಅಷ್ಟೂ ಈಜು ಲೆಕ್ಕಕ್ಕಿಲ್ಲ. "ಗೊತ್ತು ಬಿಡು, ನಮ್ಮಜ್ಜಿಯ ಮಡಿ ಇದ್ದ ಹಾಗೆ," ಎಂದು ನಕ್ಕಿದ್ದೆ. ಮೈಸೂರಿನ ಮನೆಯಲ್ಲಿ ಅಜ್ಜಿಯ ಸೀರೆಯ ಅಂಚೂ ತಾಗದಂತೆ ಓಡಾಡಿ ಬೆಳೆದವಳು, ನನಗಿದೇನು ಮಹಾ!

ದಂಡೆ ಕಾಣತೊಡಗಿದಾಗ ಅಲೆ ಎದ್ದಿತು. ಎಸೆದ ಬಾಟಲಿ ಅವಳ ಕೈಗೆ ಸಿಗಲಿಲ್ಲ, ಇನ್ನೊಮ್ಮೆ ಎಸೆದರೂ ಸಿಗಲಿಲ್ಲ. ತುಟಿ ನೀಲಿಯಾಗಿತ್ತು. ಕಣ್ಣು ನನ್ನತ್ತಲೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ನಾನು ಬಗ್ಗಿದೆ... ಗಲ್ಲದ ಕೆಳಗೆ ಕೈಯಿಟ್ಟು ಮುಖ ಎತ್ತಿ, ಬೆಲ್ಲ ಹಾಕಿದ ಬಿಸಿ ರಾಗಿ ಗಂಜಿಯನ್ನು ಬಾಯಿಗೆ ಹೊಯ್ದೆ. "ಕುಡಿ ಪುಟ್ಟಾ, ಕುಡಿ," ಅಂದೆ. ಜ್ವರ ಬಂದ ಮಗಳಿಗೆ ಕುಡಿಸುವಾಗ ಅನ್ನುತ್ತಿದ್ದ ಮಾತು, ತಾನಾಗಿ ಬಂತು. ಅವಳು ಕುಡಿದಳು, ತಿರುಗಿ ಈಜಿದಳು.

ಮೇಲ್ವಿಚಾರಕರಾಗಿದ್ದ ಹಿರಿಯರು ಆಗ ದೋಣಿಯ ಮುಂದುಗಡೆ ನಿಂತು, ಎದುರು ಬರುತ್ತಿದ್ದ ಹಡಗನ್ನು ನೋಡುತ್ತಿದ್ದರು. ದಂಡೆಯಲ್ಲಿ ಎಲ್ಲರೂ ಕೂಗಿ ಕುಣಿಯುತ್ತಿದ್ದಾಗ ಅವರು ನನ್ನ ಬಳಿ ಬಂದು ಕೇಳಿದರು: "ಯಾರಾದರೂ ಮುಟ್ಟಿದಿರಾ?"

"ಇಲ್ಲ."

ಅಷ್ಟೇ. ಸಂಜೆ ಗಂಡನಿಗೆ ಹೇಳಿದೆ. "ಅಯ್ಯೋ ಬಿಡೇ, ಒಂದು ಕೈ ತಾಗಿದ್ದಕ್ಕೆ ಯಾರು ನೇಣು ಹಾಕ್ತಾರೆ?" ಅಂದರು. ನನಗೂ ಸಮಾಧಾನವಾಯಿತು — ಬೇಕಿದ್ದದ್ದೂ ಅದೇ.

ಆದರೆ ಮಾರನೇ ವಾರ ಯಾನೆಕೆ ನಮ್ಮ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ ತಾನಾಗಿ ಕೇಳಿದಳು. "ನಡುವೆ ಒಂದು ಬೆಚ್ಚನೆ ಕೈ ನನ್ನ ಗಲ್ಲ ಹಿಡಿದ ನೆನಪು. ನಿಜವಾ?" ಹೇಳಲು ಇದಕ್ಕಿಂತ ಸುಲಭದ ಗಳಿಗೆ ಸಿಗುತ್ತಿತ್ತೇ? "ಚಳಿಗೆ ಹಾಗೆಲ್ಲಾ ಅನಿಸತ್ತೆ," ಅಂದೆ. ಅವಳು ಕಾಫಿ ಲೋಟ ಕೆಳಗಿಟ್ಟು, "ಹಾಗಾದರೆ ಅದು ಅಮ್ಮ," ಅಂದಳು.

ಆಮೇಲೆ ಅವಳು ಎಷ್ಟೋ ಕಡಲು ಈಜಿದಳು. ಈಗ ಮಕ್ಕಳಿಗೆ ಈಜು ಕಲಿಸುತ್ತಾಳೆ. ಹೋದ ತಿಂಗಳು ಅವರ ಕ್ಲಬ್ಬಿನ ಸಭೆಗೆ ನನ್ನನ್ನೂ ಕರೆದಿದ್ದಳು. "ಆ ದಿನ ನನ್ನನ್ನು ಯಾರೂ ಮುಟ್ಟಲಿಲ್ಲ, ಅಮ್ಮನೊಬ್ಬಳೇ ಬಂದದ್ದು. ಗಲ್ಲ ಹಿಡಿದು ಏನೋ ಹೇಳಿದಳು, ಯಾವ ಭಾಷೆಯೋ, ಅರ್ಥವಾಗಲಿಲ್ಲ. ಆದರೆ ಈಜು ಬಿಡಬೇಡ ಅಂದಳು ಅಂತ ಗೊತ್ತಾಯಿತು," ಎಂದು ಮಕ್ಕಳಿಗೆ ಹೇಳಿದಳು. ನನ್ನತ್ತ ಕೈ ತೋರಿಸಿ, "ಸಾಕ್ಷಿ ಇಲ್ಲೇ ಇದ್ದಾಳೆ," ಅಂದಳು. ನಾನು ಹೌದೆಂದು ತಲೆಯಾಡಿಸಿದೆ. ನಾಚಿಕೆಯಿಂದ ಮೈ ಸುಟ್ಟಿತು, ಆದರೂ ತಲೆಯಾಡಿಸಿದೆ.

ದಾಖಲೆ ಹೋದೀತೆಂದು ಸುಮ್ಮನಿದ್ದೆ ಎಂದರೆ ಅರ್ಧ ಸುಳ್ಳು. ಮಡಿ ಕೆಡಿಸಿದವಳು ಎನಿಸಿಕೊಳ್ಳುವ ಭಯ ನನ್ನದು. ಈಗ ಹೇಳಿದರೆ ದಾಖಲೆಯೂ ಹೋಗುತ್ತದೆ, ಅಮ್ಮನೂ ಹೋಗುತ್ತಾಳೆ. ಆದರೆ ಮಕ್ಕಳೆದುರು ಅವಳು ಹೇಳುತ್ತಿರುವುದು ನನ್ನ ಸುಳ್ಳು, ಅದು ಅವಳಿಗೇ ಗೊತ್ತಿಲ್ಲ.

ಶನಿವಾರ ಯಾನೆಕೆ ಊಟಕ್ಕೆ ಬರುತ್ತಾಳೆ. ರಾಗಿ ಗಂಜಿ ಮಾಡಿಡುತ್ತೇನೆ. ಲೋಟ ಕೈಗೆ ಕೊಟ್ಟು, "ಕುಡಿ ಪುಟ್ಟಾ, ಕುಡಿ," ಅನ್ನುತ್ತೇನೆ. ಅವಳು ತಲೆಯೆತ್ತಿ ನೋಡುತ್ತಾಳೆ. ಏನು ಕೇಳಿದರೂ ಈ ಸಲ ಇಲ್ಲ ಅನ್ನುವುದಿಲ್ಲ.